ಕುದಿಸಿದ ವೈನ್ ಕುರಿತು ಅಪ್ಪನಿಗೆ

ಪ್ತುಯ್, ಡಿಸೆಂಬರ್ 20

ಅಪ್ಪಾ,

ಕುಡಿತ ಬಿಟ್ಟ ಮೇಲೆ ನೀನು ಮೊದಲ ಸಲ ಕ್ರಿಸ್‌ಮಸ್‌ಗೆ ಮನೆಗೆ ಬರುತ್ತಿದ್ದೀಯ. ಹಬ್ಬದ ವೈನ್ ಕಾಯಿಸುವ ಕೆಲಸ ಈ ಸಲ ನನ್ನದು. ಮನೆಯಲ್ಲಿರುವ ಲವಂಗ, ಚಕ್ಕೆ, ಸಕ್ಕರೆ, ಕಿತ್ತಳೆಯೇ ಸಾಕು. ಮಿಲ್ಕಾ ಅತ್ತೆ ಒಂದು ಉಪಾಯ ಹೇಳಿದಳು: "ಹೆಸರು ಮಾತ್ರ ಕುದಿಸಿದ ವೈನ್, ಯಾರೂ ಕುದಿಸಲ್ಲ, ಬಿಸಿ ಮಾಡ್ತಾರೆ ಅಷ್ಟೆ. ನೀನು ನಿಜವಾಗ್ಲೂ ಕುದಿಸಿಬಿಡು. ಅಮಲೆಲ್ಲ ಹಾರಿಹೋಗುತ್ತೆ, ನಿಮ್ಮಪ್ಪನಿಗೂ ಕೊಡಬಹುದು."

ಹಾಗೇ ಕುದಿಸಿ ಅತ್ತೆಗೇ ಕೊಟ್ಟೆ. ಎರಡನೇ ಲೋಟಕ್ಕೆ ಹಾಡಲು ಶುರುಮಾಡಿದಳು. ಅಮಲು ಪೂರ್ತಿ ಹೋಗಿಲ್ಲ ಎಂದೆ. "ಶಾಲೆ ಬಿಟ್ಟೋಳು ನಂಗೆ ಪಾಠ ಹೇಳ್ತಾಳೆ! ಅವನಿಗೆ ಹೇಳ್ಬೇಡ, ಅಷ್ಟೆ" ಎಂದಳು. ಹೇಳುತ್ತಿದ್ದೇನೆ.

ನಿನಗೆ ಬೇರೆ ಪಾತ್ರೆಯಲ್ಲಿ ದ್ರಾಕ್ಷಿ ರಸಕ್ಕೆ ಅದೇ ಮಸಾಲೆ ಹಾಕಿ ಕಾಯಿಸುತ್ತೇನೆ. ಸೌಟೂ ಬೇರೆ. ಆದರೆ ಮನೆ ತುಂಬ ವೈನಿನ ವಾಸನೆ ಇರುತ್ತದೆ, ಅದಕ್ಕೆ ನಾನೇನೂ ಮಾಡಲಾರೆ. ಸಹಿಸಲು ಆಗದಿದ್ದರೆ ಒಳಗೆ ಬರಬೇಡ, ಬಾಗಿಲು ತಟ್ಟು. ನಮ್ಮಿಬ್ಬರ ರಸವನ್ನು ಹೊರಗೇ ತರುತ್ತೇನೆ, ಕುಡಿಯುತ್ತ ದ್ರಾವಾ ನದಿಯ ಸೇತುವೆಯವರೆಗೆ ನಡೆಯೋಣ. ದಪ್ಪ ಬೂಟು ಹಾಕಿಕೊಂಡು ಬಾ. ನನಗೂ ಒಂದೇ ಕಡೆ ಕೂರಲು ಆಗುವುದಿಲ್ಲ, ನಿನಗೆ ಗೊತ್ತಲ್ಲ.

ನಿನ್ನ ಮಗಳು
ಟಿಂಕಾರಾ