ಎರಡನೆಯ ಹೊಡೆತ

13 ಅಕ್ಟೋಬರ್ 2025, ಸೋಮವಾರ

ಮತ್ತೆ ಆಟೋ ಸಿಗಲಿಲ್ಲ. ಮನೆಯಿರುವ ನವರಂಗಪುರದಿಂದ ಓಢವ್‌ಗೆ ಬರುವುದು ದಿನಾ ಒಂದು ಯುದ್ಧ. ಫ್ಯಾಕ್ಟರಿ ಮುಟ್ಟುವಷ್ಟರಲ್ಲಿ ಎಂಟೂವರೆ, ಮೂಡ್ ಆಗಲೇ ಕೆಟ್ಟಿತ್ತು.

ಟ್ರಯಲ್: ಐವತ್ತು ಸ್ಪೈಕ್. ಹನ್ನೊಂದರ ತಲೆಯಲ್ಲಿ ಬಿರುಕು. ಕಳೆದ ವಾರವೂ ಹನ್ನೊಂದೇ. ಕನಿಷ್ಠ ಹನ್ನೆರಡಾದರೂ ಆಗಿದ್ದರೆ ಏನೋ ಬದಲಾಯಿತು ಅನ್ನಬಹುದಿತ್ತು.

ಕೆಂಪಗೆ ಕಾದ ಸರಳಿನ ತುದಿಗೆ ಪ್ರೆಸ್ ಒಂದೇ ಏಟು ಹಾಕುತ್ತದೆ, ತುದಿ ಚಪ್ಪಟೆಯಾಗಿ ತಲೆ ಕೂರುತ್ತದೆ. ರೈಲು ಹಳಿಯ ಮೊಳೆ, ಅಂದರೆ ಸ್ಪೈಕ್, ಆಗುವುದು ಹೀಗೆ. ತಲೆ ಬಿರಿದರೆ ಗುಜರಿ. ಈ ಪ್ರೆಸ್ ಸುಧಾರಿಸಲೆಂದೇ ನನ್ನನ್ನು ಕೆಲಸಕ್ಕೆ ತೆಗೆದುಕೊಂಡು ಎಂಟು ತಿಂಗಳಾಯಿತು. ಸೇಠ್ ಕೀರ್ತಿಭಾಯ್ ಏನೂ ಬೈಯುವುದಿಲ್ಲ. ಬಿರುಕು ಬಿಟ್ಟ ಒಂದೊಂದನ್ನೂ ಎತ್ತಿ ನೋಡಿ ಮೆಲ್ಲಗೆ ಕೆಳಗಿಡುತ್ತಾರೆ. ಅದಕ್ಕಿಂತ ಬೈದರೇ ವಾಸಿ.

ಊಟದ ಹೊತ್ತು ಎಲೆಕ್ಟ್ರಿಷಿಯನ್ ಬಸವರಾಜನ ಹತ್ತಿರ ಗೋಳು ತೋಡಿಕೊಂಡೆ. ಇಡೀ ಫ್ಯಾಕ್ಟರಿಯಲ್ಲಿ ಕನ್ನಡದವರು ನಾವಿಬ್ಬರೇ. ಅವನು ಗದಗಿನವನು, ನಾನು ತುಮಕೂರು. ಡಬ್ಬಿಯಿಂದ ರೊಟ್ಟಿ ಮುರಿಯುತ್ತಾ ಅಂದ:

"ಮಹಿಮಾ ಮೇಡಂ, ರೊಟ್ಟಿ ಬಡದು ಗೊತ್ತೈತೇನ್ರೀ ನಿಮಗ? ಹಿಟ್ಟಿನ ಉಂಡಿ ಒಮ್ಮೆಲೇ ಬಡದ್ರ ಅಂಚು ಸೀಳತಾವ. ಮೊದ್ಲ ಕೈಯಾಗ ದಪ್ಪಗ ತಟ್ಟಬೇಕು, ಆಮ್ಯಾಲ ಬಡೀಬೇಕು."

ಅರ್ಧ ಅನ್ನ ಹಾಗೇ ಬಿಟ್ಟು ಎದ್ದೆ.

ಎರಡು ಹೊಡೆತ! ಮೊದಲನೆಯದು ಮೆತ್ತಗೆ — ಸುಮ್ಮನೆ ದಪ್ಪ ಮಾಡಲು. ಎರಡನೆಯದು ತಲೆ ಕೂರಿಸಲು. ಎಂ.ಟೆಕ್ ಮಾಡಿದ್ದು ನಾನು, ಹೇಳಿದ್ದು ರೊಟ್ಟಿ ತಿನ್ನುವವನು. ನಾಚಿಕೆಗೇಡು. ಆದರೂ ಖುಷಿ.

17 ಅಕ್ಟೋಬರ್, ಶುಕ್ರವಾರ

ಇನ್ನೂರು ಸ್ಪೈಕ್. ಬಿರುಕು — ಸೊನ್ನೆ.

ಇನ್ನೊಮ್ಮೆ ಬರೆಯುತ್ತೇನೆ. ಸೊನ್ನೆ!

ಕುಣಿಯಬೇಕಿತ್ತು. ಕುಣಿಯಲಿಲ್ಲ. ಕಾರಣ ಧನಜೀಭಾಯ್‌ರ ಎಡಗೈ.

ಅವರು ಈ ಪ್ರೆಸ್ ಮುಂದೆ ಇಪ್ಪತ್ತಾರು ವರ್ಷ ನಿಂತವರು. ಬಲಗೈಯಲ್ಲಿ ಇಕ್ಕಳ, ಕಾಲಡಿ ಪೆಡಲ್. ಧಡ್ ಎಂದ ತಕ್ಷಣ ಎಡಗೈಯ ಕುಂಚ ಒಳಗೆ ಹೋಗಿ ಅಚ್ಚಿನ ಮೇಲಿನ ಕಬ್ಬಿಣದ ಹೊಟ್ಟು ಗುಡಿಸಿ ಬರುತ್ತದೆ. ಒಂದು ಧಡ್ ಅಂದರೆ ಕೆಲಸ ಮುಗಿಯಿತು ಎಂದೇ ಆ ಕೈಯ ಲೆಕ್ಕ. ಈಗ ನಾನು ಇನ್ನೊಂದು ಧಡ್ ಸೇರಿಸಿದ್ದೇನೆ, ಅರ್ಧ ಸೆಕೆಂಡ್ ಬಿಟ್ಟು. ಆ ಅರ್ಧ ಸೆಕೆಂಡಿನಲ್ಲೇ ಕೈ ಹೋಗುತ್ತದೆ.

ಪುಣ್ಯಕ್ಕೆ ಲೈಟ್ ಕರ್ಟನ್ ಹಾಕಿಸಿದ್ದೆ. ಪ್ರೆಸ್‌ನ ಬಾಯಿಯ ಎರಡೂ ಬದಿ ಕಪ್ಪು ಗಾಜಿನ ಪಟ್ಟಿ, ನಡುವೆ ಕಣ್ಣಿಗೆ ಕಾಣದ ಬೆಳಕು. ಆ ಬೆಳಕು ದಾಟದಿದ್ದರೆ ಮಷೀನ್ ಓಡುವುದಿಲ್ಲ; ಹೊಡೆತದ ನಡುವೆ ಕೈ ಅಡ್ಡ ಬಂದರೂ ನಿಂತುಬಿಡುತ್ತದೆ. ಇವತ್ತು ಏಳು ಸಲ ನಿಂತಿತು. ಏಳು! ಆ ಎಡಗೈಯಲ್ಲಿ ಉಳಿದಿರುವುದೇ ಮೂರು ಬೆರಳು; ಎರಡನ್ನು ಕರ್ಟನ್ ಇಲ್ಲದ ಕಾಲದಲ್ಲಿ ಇದೇ ಮಷೀನ್ ತಿಂದಿದೆ.

ಅವರು ಗುಜರಾತಿಯಲ್ಲಿ ನಾಚಿಕೊಂಡರು, ನಾನು ಹರಕು ಹಿಂದಿಯಲ್ಲಿ ರೇಗಿದೆ. ಇಲ್ಲಿ ಹೆಂಗಸರನ್ನೆಲ್ಲ ಬೆನ್, ಅಂದರೆ ಅಕ್ಕ, ಎಂದೇ ಕರೆಯುವುದು. "ಬೆನ್, ಕೈ ನನ್ನನ್ನು ಕೇಳಿ ಹೋಗುವುದಿಲ್ಲ" ಎಂದರು.

ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಇದು ಹುಟ್ಟುಗುಣವೂ ಅಲ್ಲ, ನಾವು ಸಂಬಳ ಕೊಟ್ಟು ಕಲಿಸಿದ್ದು. ರೇಗಬಾರದಿತ್ತು.

ಹೊಸ ನಿಯಮ ಹಾಕಿಸಿದೆ: ಪ್ರೆಸ್ ಹತ್ತಿರ ಫೋನ್ ಇಲ್ಲ, ಎಲ್ಲ ಲಾಕರ್‌ನಲ್ಲಿ. ಗಮನ ಅಲ್ಲೇ ಇರಲಿ.

22 ಅಕ್ಟೋಬರ್, ಬುಧವಾರ

ಫ್ಯಾಕ್ಟರಿಗೆ ಬೀಗ. ದೀಪಾವಳಿಗೆ ಮುಚ್ಚಿದರೆ ಇಲ್ಲಿ ಲಾಭ ಪಂಚಮಿಯ ಮುಹೂರ್ತಕ್ಕೇ ಮತ್ತೆ ತೆರೆಯುವುದು. ಇಡೀ ನವರಂಗಪುರ ಶಟರ್ ಎಳೆದು ಮಲಗಿದೆ. ಹಾಲು ಹುಡುಕಲು ಮುಕ್ಕಾಲು ಗಂಟೆ.

ಅಮ್ಮ ಫೋನಿನಲ್ಲಿ, "ರಜ ಇದ್ಯಲ್ಲೇ, ಬರ್ಬಾರ್ದಿತ್ತಾ?" ಅಂದಳು. ಮಷೀನ್ ಬಿಟ್ಟು ಬರಕ್ಕಾಗಲ್ಲಮ್ಮ ಅಂದೆ. ಮಷೀನೇ ಬೀಗದೊಳಗಿದೆ. ನನ್ನ ಮಾತು ನನಗೇ ನಗು ತರಿಸಿತು.

ಕೂತರೆ ಕೂರಲಾಗುವುದಿಲ್ಲ. ಅರ್ಧ ಸೆಕೆಂಡನ್ನು ಕಾಲು ಸೆಕೆಂಡ್ ಮಾಡಿದರೆ? ಕೈ ಹೋಗಲು ಹೊತ್ತೇ ಸಿಗದು, ಆದರೆ ಸರಳು ಅಚ್ಚಿನಲ್ಲಿ ತುಂಬಿಕೊಳ್ಳುವುದಿಲ್ಲ... ಇಡೀ ದಿನ ಇದೇ.

26 ಅಕ್ಟೋಬರ್, ಭಾನುವಾರ. ಲಾಭ ಪಂಚಮಿ

ಸೂರತ್ ರೈಲಿನಲ್ಲಿ ಬರೆಯುತ್ತಿದ್ದೇನೆ. ಕೈ ಅಲುಗುತ್ತಿದೆ, ಅಕ್ಷರ ಹೇಗೋ ಇರಲಿ.

ಮುಹೂರ್ತ 9.20ರಿಂದ 9.32. ಹೊರಗಿನಿಂದ ಬಂದ ಗಿರಾಕಿಗಳು ಮೂವರು ಕುರ್ಚಿಯಲ್ಲಿ. ಪೂಜಾರಿ ಮಂತ್ರ ಮುಗಿಸುವಷ್ಟರಲ್ಲಿ ಒಂಬತ್ತೂ ಇಪ್ಪತ್ತೇಳು. ಸೇಠ್ ಪೆಡಲ್ ಒತ್ತಿದರು. ಮಷೀನ್ ಮಿಸುಕಲಿಲ್ಲ.

ಓಡಿ ಹೋಗಿ ನೋಡಿದೆ. ಸೇಠರ ಹೆಂಡತಿ ಭಕ್ತಿಯಿಂದ ಒದ್ದೆ ಕುಂಕುಮದಲ್ಲಿ ಸ್ವಸ್ತಿಕ ಬರೆದಿದ್ದಾರೆ — ಸರಿಯಾಗಿ ಎರಡೂ ಕಪ್ಪು ಗಾಜಿನ ಮೇಲೆ! ಬೆಳಕು ದಾಟುವುದೆಲ್ಲಿಂದ? ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದರೆ ಇದೇ.

ಒರೆಸಲು ಬಟ್ಟೆ ಎತ್ತಿದೆ. ಸೇಠ್ ಕೈ ಹಿಡಿದರು. "ಬೆನ್! ಇವತ್ತಿನ ಕುಂಕುಮ ಇವತ್ತೇ ಒರೆಸುತ್ತಾರೆಯೇ? ಬೇರೆ ಏನಾದರೂ ಮಾಡು, ಜಲ್ದಿ."

ಉಳಿದದ್ದು ನಾಲ್ಕು ನಿಮಿಷ. ಬಸವರಾಜನಿಗೆ ಹೇಳಿದೆ: "ಕರ್ಟನ್ ಪ್ಲಗ್ ತೆಗಿ. ವೈರ್ ಹಾಕಿ ಮಷೀನ್‌ಗೆ ನೇರ ಕೊಡು."

"ಬ್ಯಾಡ್ರೀ ಮೇಡಂ. ಹಂಗ ಮಾಡಬಾರ್ದು ಅಂತ ನೀವ ಹೇಳೀರಿ."

"ಎರಡೇ ನಿಮಿಷ ಕಣೋ. ಒಂದೇ ಒಂದು ಸ್ಪೈಕ್."

ಹಾಕಿದ. ಧಡ್-ಧಡ್. ಶುಭ ಸ್ಪೈಕ್ ಹೊರಬಿತ್ತು, ಎಲ್ಲರೂ ಚಪ್ಪಾಳೆ. ಪೇಡಾ. ಗಿರಾಕಿಗಳು ನನ್ನ ಕೈ ಕುಲುಕಿದರು. ಸೇಠ್ "ನಮ್ಮ ಮಹಿಮಾಬೆನ್" ಎಂದು ಎಲ್ಲರಿಗೂ ತೋರಿಸಿದರು. ಸುಳ್ಳೇಕೆ, ನೆಲದ ಮೇಲೆ ಕಾಲೇ ನಿಲ್ಲಲಿಲ್ಲ. ಸೂರತ್ ಪಕ್ಕದ ಹಜೀರಾದ ಒಂದು ಕಂಪನಿಗೆ ಇಂಥದೇ ಮಷೀನ್ ಬೇಕಂತೆ, ನಾಳೆ ಬೆಳಿಗ್ಗೆಯೇ ಮಾತುಕತೆ, ಹೊರಡು ಎಂದರು. ಹೊರಟೆ.

27 ಅಕ್ಟೋಬರ್, ಸೋಮವಾರ
ಬೆಳಿಗ್ಗೆ 10.50, ಹಜೀರಾ

ಡ್ರಾಯಿಂಗ್ ತೋರಿಸುತ್ತಾ ಪೆನ್ನಿಗಾಗಿ ಬ್ಯಾಗಿಗೆ ಕೈ ಹಾಕಿದೆ. ಕೈಗೆ ಪೆನ್ ಸಿಗಲಿಲ್ಲ.

ಕರ್ಟನ್ ಪ್ಲಗ್ ಸಿಕ್ಕಿತು.

ನಿನ್ನೆ ಬಸವರಾಜ ತೆಗೆದು ನನ್ನ ಕೈಗೆ ಕೊಟ್ಟ, ನಾನು ಬ್ಯಾಗಿಗೆ ಹಾಕಿಕೊಂಡೆ. ಅಂದರೆ ವೈರ್ ಅಲ್ಲೇ ಇದೆ. ಬೆಳಿಗ್ಗೆ ಎಂಟರಿಂದ ಮಷೀನ್ ಓಡುತ್ತಿದೆ. ಕರ್ಟನ್ ಇಲ್ಲದೆ. ಎಡಗೈ...

11.15

ಬಸವರಾಜನ ಫೋನ್ ಸ್ವಿಚ್ ಆಫ್. ನಿನ್ನೆ ಸಂಜೆಯೇ ಊರಿನ ರೈಲು ಹತ್ತಿದ್ದಾನೆ. ಧನಜೀಭಾಯ್‌ಗೆ ಆರು ಸಲ. ರಿಂಗ್ ಆಗುತ್ತದೆ, ಎತ್ತುವುದಿಲ್ಲ. ಹೇಗೆ ಎತ್ತಿಯಾರು? ಫೋನ್ ಲಾಕರ್‌ನಲ್ಲಿ. ನಿಯಮ ನನ್ನದೇ.

ಸೇಠ್ ಎತ್ತಿದರು. "ಬೆನ್! ಮುನ್ನೂರು ದಾಟಿತು, ಒಂದೂ ಬಿರುಕಿಲ್ಲ!"

ನಿಲ್ಲಿಸಿ ಎಂದೆ. ಯಾಕೆ ಎಂದರು.

ಇಲ್ಲೇ ನಾನು ಕೆಟ್ಟೆ. "ಸ್ವಲ್ಪ ಸೆಟ್ಟಿಂಗ್ ಬಾಕಿ ಇದೆ" ಎಂದೆ. ಸೆಟ್ಟಿಂಗ್! ನಿನ್ನೆಯ ಚಪ್ಪಾಳೆ ಇನ್ನೂ ಕಿವಿಯಲ್ಲಿತ್ತು. ಅವರು ನಕ್ಕರು: "ಪಂಚಮಿಗೆ ಶುರುವಾದ ಮಷೀನ್ ಮರುದಿನವೇ ನಿಲ್ಲಿಸಿದರೆ ವರ್ಷವಿಡೀ ನಿಲ್ಲುತ್ತದೆ. ನೀನು ಬಂದು ಮಾಡು." ಮೀಟಿಂಗ್ ಇದೆ ಎಂದು ಫೋನ್ ಇಟ್ಟರು.

ಹೇಡಿ. ನನಗೇ ಬರೆದುಕೊಳ್ಳುತ್ತಿದ್ದೇನೆ — ಹೇಡಿ.

ಮಧ್ಯಾಹ್ನ 2.40, ವಡೋದರಾ ಸ್ಟೇಷನ್

ಜನರಲ್ ಬೋಗಿ. ಹಬ್ಬ ಮುಗಿಸಿ ಬರುವವರ ನಡುವೆ ಒಂಟಿ ಕಾಲಲ್ಲಿ. ಸೇಠರ ಫೋನ್ ಈಗ ಆಫ್. ಆಫೀಸಿನದು ಎತ್ತುವವರಿಲ್ಲ, ಅರ್ಧ ಸ್ಟಾಫ್ ರಜೆಯಿಂದ ಬಂದೇ ಇಲ್ಲ.

ಸೇಠರಿಗೆ ಮೆಸೇಜ್ ಟೈಪ್ ಮಾಡಿದೆ: ಕರ್ಟನ್ ಬಂದ್ ಇದೆ. ಬಂದ್ ಮಾಡಿಸಿದ್ದು ನಾನು. ಪ್ಲಗ್ ನನ್ನ ಹತ್ತಿರ ಇದೆ. ಧನಜೀಭಾಯ್‌ರನ್ನು ಮಷೀನ್‌ನಿಂದ ದೂರ ಕಳಿಸಿ.

ಕೆಲಸ ಹೋಗುತ್ತದೆ. ಹೋಗಲಿ. ಕಳಿಸಿದೆ. ಒಂದೇ ಟಿಕ್.

ಪ್ಲಾಟ್‌ಫಾರ್ಮಿನಲ್ಲಿ ಯಾವನೋ ಡಬ್ಬ ಕೆಳಗೆ ಹಾಕಿದ, ಧಡ್. ಎರಡನೆಯ ಸದ್ದಿಗೆ ಕಾದೆ.

ರೈಲು ಬಿಡುವುದಿಲ್ಲವೇ? ಬಿಡಪ್ಪಾ...

ಸಂಜೆ 5.45, ಫ್ಯಾಕ್ಟರಿ

ನನ್ನ ಮೇಜಿನಲ್ಲಿ ಕೂತಿದ್ದೇನೆ. ಮನಸ್ಸು ಇನ್ನೂ ಹಿಡಿತಕ್ಕೆ ಬಂದಿಲ್ಲ. ಇದ್ದದ್ದನ್ನು ಇದ್ದಂತೆ ಬರೆಯುತ್ತೇನೆ.

ಐದಕ್ಕೆ ಗೇಟ್. ಒಳಗಿನಿಂದ ಧಡ್-ಧಡ್ ಕೇಳಿಸುತ್ತಿತ್ತು. ಓಡಿದೆ. ಮೊದಲು ಮೇನ್ ಸ್ವಿಚ್ ಎಳೆದೆ, ಆಮೇಲೆ ಉಸಿರು.

ಧನಜೀಭಾಯ್ ಪ್ರೆಸ್ ಮುಂದೆ ನಿಂತಿದ್ದರು. ಮುಖ ನೋಡಲು ಧೈರ್ಯ ಬರಲಿಲ್ಲ, ಪಕ್ಕದ ತೊಟ್ಟಿ ನೋಡಿದೆ. ಬಿರುಕಿಲ್ಲ. ಆದರೆ ಎಲ್ಲ ತಲೆಗಳ ಮೇಲೂ ಹೊಟ್ಟಿನ ಕಲೆ, ಸಣ್ಣ ಸಣ್ಣ ಗುಳಿ. ಒಂದರ ಮೇಲಲ್ಲ, ಎಲ್ಲದರ ಮೇಲೂ. ಅಚ್ಚು ಗುಡಿಸಿಯೇ ಇಲ್ಲ. ಎಡಗೈ ಇಡೀ ದಿನ ಕೆಲಸ ಮಾಡಿಲ್ಲ.

ಆಮೇಲೆ ಕೈ ನೋಡಿದೆ.

ಮಣಿಕಟ್ಟಿಗೆ ಹೆಂಗಸರು ತಲೆಗೆ ಹೊದೆಯುವ ಹಳೆಯ ಓಢಣಿಯ ತುಂಡು. ಇನ್ನೊಂದು ತುದಿ ಬೆನ್ನ ಹಿಂದೆ ಬೆಲ್ಟಿಗೆ. ಬಿಗಿಯಾಗಿ ಕಟ್ಟಿತ್ತು. ಮೂರು ಬೆರಳೂ ಇದ್ದವು. ಎಣಿಸಿದೆ, ನಾಚಿಕೆಯಿಲ್ಲದೆ.

"ನಿನ್ನೆ ಪ್ಲಗ್ ನಿಮ್ಮ ಬ್ಯಾಗಿಗೆ ಹೋದದ್ದು ನೋಡಿದೆ, ಬೆನ್. ಬೆಳಿಗ್ಗೆ ಹೆಂಡತಿಯ ಹತ್ತಿರ ಕಟ್ಟಿಸಿಕೊಂಡು ಬಂದೆ. ಎಷ್ಟು ದಿನ ಹೀಗೆ ಅಂತ ಕೇಳಿದಳು. ಬೆನ್ ಸೂರತ್‌ನಿಂದ ಬರುವ ತನಕ ಅಂದೆ."

ಸೇಠರಿಗೆ ಯಾಕೆ ಹೇಳಲಿಲ್ಲ ಎಂದೆ. ಕಿರುಚಿದೆನೋ ಏನೋ.

"ಹೇಳಿದರೆ ನಿಮ್ಮ ಮಷೀನ್ ಕೆಟ್ಟದ್ದು ಅನ್ನುತ್ತಿದ್ದರು. ಅದು ಒಳ್ಳೆಯ ಮಷೀನ್. ಕೈಯೇ ಹಳೆಯದು."

ಗಂಟು ಬಿಚ್ಚಲು ಕೂತೆ. ಬೆವರಿಗೆ ಬಿಗಿದುಹೋಗಿತ್ತು. ಉಗುರು ಮುರಿಯಿತು. ಅಳುತ್ತಿದ್ದೆ, ಅವರು ಅದನ್ನು ಕಾಣದವರಂತೆ ಮೇಲಿನ ಫ್ಯಾನ್ ನೋಡುತ್ತಿದ್ದರು. ಮಣಿಕಟ್ಟಿನ ಸುತ್ತ ಕೆಂಪು ಬರೆ.

ಕುಂಕುಮ ನನ್ನ ದುಪಟ್ಟಾದಲ್ಲೇ ಒರೆಸಿದೆ. ವೈರ್ ಕಿತ್ತು ಪ್ಲಗ್ ಹಾಕಿದೆ. ಪರೀಕ್ಷೆಗೆ ಖಾಲಿ ಪ್ರೆಸ್ ಓಡಿಸಲು ಹೇಳಿದೆ. ಪೆಡಲ್ ಒತ್ತಿದರು. ಧಡ್ — ಬಿಡಿಸಿದ ಎಡಗೈ ತಾನಾಗಿ ಒಳಗೆ ಹೋಯಿತು. ಮಷೀನ್ ನಿಂತಿತು. ಇಬ್ಬರೂ ಆ ಕೈಯನ್ನೇ ನೋಡುತ್ತಾ ನಿಂತೆವು.

ಆ ಓಢಣಿ ತುಂಡು ನನ್ನ ಮೇಜಿನ ಮೇಲಿದೆ.

ಈಗ ಫೋನ್ ನೋಡಿದೆ. ಎರಡು ನೀಲಿ ಟಿಕ್. ಸೇಠ್ ಕ್ಯಾಬಿನ್‌ನಿಂದ ಕರೆಯುತ್ತಿದ್ದಾರೆ. ಧನಜೀಭಾಯ್ ಬಾಗಿಲಲ್ಲಿ ನಿಂತು, "ನಾನೂ ಬರುತ್ತೇನೆ, ನನ್ನದೇ ತಪ್ಪು ಅನ್ನುತ್ತೇನೆ" ಎನ್ನುತ್ತಿದ್ದಾರೆ.

ಬೇಡ. ಓಢಣಿ ನಾನೇ ತೆಗೆದುಕೊಂಡು ಹೋಗಿ ಸೇಠರ ಮೇಜಿನ ಮೇಲಿಟ್ಟು, ಮೊದಲಿನಿಂದ ಎಲ್ಲವನ್ನೂ ಹೇಳುತ್ತೇನೆ.