ನಾಲ್ಕನೇ ಹಂತ

೩-೮-೧೯೯೨
ಬಂಗಾರಪೇಟೆ ಗಾಡಿ ಇವತ್ತೂ ತಡ. ಕೋರಮಂಡಲ್ ಸ್ಟೇಷನ್ನಿನಲ್ಲಿ ಇಳಿದಾಗ ಎಂಟೂಕಾಲು. ಬೆಳ್ಳಿಬೆಟ್ಟ ಗಣಿ ಕಂಪನಿಯ ಕಂಪ್ಯೂಟರ್ ಸೆಕ್ಷನ್ನಿಗೆ ನಾನೊಬ್ಬನೇ ಆಫೀಸರ್, ಹಾಗಾಗಿ ಇದೂ ನನ್ನ ತಲೆಗೇ — ವಿಭಾಗಗಳ ದಾಖಲೆ ಒಂದಕ್ಕೊಂದು ಹೊಂದುತ್ತವೆಯೇ, ಒಟ್ಟು ವ್ಯವಸ್ಥೆ ಎಷ್ಟು ಪಕ್ವವಾಗಿದೆ, ನೋಡಿ ಒಂದರಿಂದ ಐದರವರೆಗೆ ಹಂತ ಕೊಡಬೇಕು; ಐದೆಂದರೆ ಪೂರ್ಣ ಪಕ್ವ. ಹೆಡ್ ಆಫೀಸಿನ ಫಾರಂ. ನಲವತ್ತು ಪುಟ.

೧೧-೮
ಲ್ಯಾಂಪ್ ರೂಮಿಗೆ ಹೋಗಿದ್ದೆ. ಗಣಿಗೆ ಇಳಿಯುವವನು ದೀಪ ಪಡೆದು, ತನ್ನ ಹಿತ್ತಾಳೆ ಟೋಕನ್ ಬೋರ್ಡಿಗೆ ನೇತುಹಾಕುತ್ತಾನೆ. ಮೇಲೆ ಬಂದಾಗ ತೆಗೆಯುತ್ತಾನೆ. ನಮ್ಮ ಕಂಪ್ಯೂಟರ್ ಹಾಗಲ್ಲ. ಶಿಫ್ಟ್ ಮುಗಿದರೆ ಎಲ್ಲರೂ ಮೇಲೆ ಬಂದರೆಂದು ತಾನೇ ಬರೆದುಕೊಳ್ಳುತ್ತದೆ. ಎರಡು ಗಂಟೆಗೆ, ಮೊದಲ ಶಿಫ್ಟ್ ಮುಗಿದೊಡನೆ, ಪರದೆಯಲ್ಲಿ — ಒಳಗೆ ಸೊನ್ನೆ. ಬೋರ್ಡಿನಲ್ಲಿ ಒಂಬತ್ತು ಟೋಕನ್.
ದೀಪ ಕೊಡುವ ಆರುಮುಗಂ ನಕ್ಕ. "ನಿಮ್ ಮಿಷಿನ್ನು ಅವ್ರನ್ನ ಮನೇಗೆ ಕಳ್ಸ್‌ಬಿಡ್ತಾ ಸಾರ್? ಓವರ್‌ಟೈಮ್ ಮಾಡ್ತಾವ್ರೆ, ಒಳಗೇ ಅವ್ರೆ."
ನನಗೆ ನಗು ಬರಲಿಲ್ಲ. ಒಂದನೇ ಹಂತ ಎಂದು ಬರೆದೆ.

೨೦-೮
ಮ್ಯಾನೇಜರ್ ಕೋದಂಡಪ್ಪ ಕರೆಸಿ ಬಾಗಿಲು ಹಾಕಿಸಿದರು.
"ಏನ್ರೀ ರಾಮಚಂದ್ರಪ್ಪ, ಒಂದಾ? ನಾಲ್ಕು ಬಂದ್ರೆ ಹೆಡ್ ಆಫೀಸ್ ಒಪ್ಪುತ್ತೆ, ಆ ಟೋಕನ್ ಬೋರ್ಡ್ ತೆಗೀಬೋದು, ಲ್ಯಾಂಪ್ ರೂಮಲ್ಲಿ ಮೂರು ಜನ ಕಡ್ಮೆ ಆಗ್ತಾರೆ. ತಿದ್ದಿ."
"ಸಾರ್, ಒಳಗೆ ಯಾರಿದ್ದಾರೆ ಅನ್ನೋದೇ ಅದಕ್ಕೆ ಗೊತ್ತಿಲ್ಲ."
"ಆಮೇಲ್ ಸರಿ ಮಾಡೋಣ. ನಿಮ್ ಪ್ರಮೋಷನ್ ಫೈಲೂ ಇಲ್ಲೇ ಇದೆ."

೨೧-೮
ನಾಲ್ಕು ಎಂದು ತಿದ್ದಿದೆ. ಸಹಿ ಹಾಕಿದೆ.

೧-೧೦
ಬೋರ್ಡ್ ಇಳಿಸಿದರು. ಆರುಮುಗಂಗೆ ಸ್ಟೋರ್ಸಿಗೆ ವರ್ಗ. ಇನ್ನು ದೀಪ ಅವರವರೇ ತೆಗೆದುಕೊಳ್ಳಬೇಕು, ನೋಡುವವರಿಲ್ಲ. ಪ್ರೋಗ್ರಾಂ ಸರಿಪಡಿಸಲು ಎರಡು ತಿಂಗಳು ಬೇಕೆಂದು ಬರೆದುಕೊಟ್ಟೆ. ಉತ್ತರವಿಲ್ಲ.

೧೩-೧೦, ಮಧ್ಯಾಹ್ನ ೩.೧೦
ಎರಡೂವರೆಗೆ ನೆಲ ನಡುಗಿತು. ಕೆಳಗೆ ಬಂಡೆ ಸಿಡಿದಿದೆ. ಎರಡನೇ ಶಿಫ್ಟಿನವರು ಇನ್ನೂ ಇಳಿದಿರಲಿಲ್ಲ. ಕೋದಂಡಪ್ಪ ಪಟ್ಟಿ ಕೇಳಿದರು. ಪ್ರಿಂಟರ್ ಕೊಟ್ಟಿತು — ಒಳಗೆ ಯಾರೂ ಇಲ್ಲ. ರೆಸ್ಕ್ಯೂ ತಂಡವನ್ನು ಮೇಲೆಯೇ ನಿಲ್ಲಿಸಿದರು.
ಗೇಟಿನಲ್ಲಿ ಗಣಿಯಾಳು ಬಚ್ಚಪ್ಪನ ಹೆಂಡತಿ ಮುತ್ಯಾಲಮ್ಮ. "ಸೋಮಿ, ನಮ್ಮೋರು ಓವರ್‌ಟೈಮ್ ಐತೆ ಅಂದಿದ್ರು. ಮೇಲ್ ಬಂದವ್ರೆ ಅಂತಾರಲ್ಲ, ಎಲ್ಲವ್ರೆ?"
ಕೋದಂಡಪ್ಪನವರ ಬಳಿ ಓಡಿದೆ. "ಪಟ್ಟಿ ಸುಳ್ಳು ಸಾರ್!"
ದನಿ ತಗ್ಗಿಸಿ ಹೇಳಿದರು: "ನಾಲ್ಕು ಅಂತ ಸಹಿ ಹಾಕ್ದೋರು ನೀವು."

೪.೦೦
ನಾನೇ ಗಣಿಗಿಳಿಯುವ ಶಾಫ್ಟಿನ ಬಾಯಿಗೆ ಹೋದೆ. ರೆಸ್ಕ್ಯೂ ತಂಡದ ಮುಖ್ಯಸ್ಥ ಮುನಿಸ್ವಾಮಪ್ಪನಿಗೆ ಎಲ್ಲರೆದುರು ಹೇಳಿದೆ — ಪಟ್ಟಿ ಸುಳ್ಳು, ನನಗೆ ಮೊದಲೇ ಗೊತ್ತಿತ್ತು. ಅವನು ತನ್ನ ತಂಡವನ್ನು ಕೂಗಿ ಕರೆದ. ಇಳಿದರು.

೫.೪೦
ಬಚ್ಚಪ್ಪ ಸಿಕ್ಕ, ಉಸಿರಿದೆ, ಪ್ರಜ್ಞೆಯಿಲ್ಲ. ಇನ್ನಿಬ್ಬರು ಸಿಕ್ಕರು... ಉಸಿರಿಲ್ಲ. ಶಾಫ್ಟಿನ ಬಾಯಿಯ ಫೋನ್ ಪಕ್ಕ ಕೂತಿದ್ದೇನೆ; ಮುನಿಸ್ವಾಮಪ್ಪ ಕೆಳಗಿನಿಂದ ಮಾಡಿದ್ದ. "ಇನ್ನೆಷ್ಟ್ ಜನ ಅವ್ರೆ ಸಾ? ಮ್ಯಾಲಿನ್ ಬಂಡೆ ಸೀಳ್ತಾ ಐತೆ. ನಮ್ಮೋರ್ನ ಕರ್ಕೊಂಡ್ ಬರ್ಲಾ, ಇಲ್ಲಾ ಉಡುಕ್ಲಾ?" ವಿಚಾರಿಸಿ ಹೇಳುತ್ತೇನೆ ಎಂದೆ. ಬೋರ್ಡಿಲ್ಲ, ಪಟ್ಟಿಯಲ್ಲಿ ಸೊನ್ನೆ — ಯಾರನ್ನು ವಿಚಾರಿಸಲಿ?
ಫೋನ್ ಮತ್ತೆ ಬಡಿದುಕೊಳ್ಳುತ್ತಿದೆ. ಎತ್ತಿ, ಎಷ್ಟು ಎಂದು ಹೇಳಲಿ?