ಬ್ಯಾಕಪ್ ಪೆಟ್ಟಿಗೆಯಲ್ಲಿ ನಿನ್ನ ಹೆಸರು

ಸ್ಟುಡಿಯೋದ ಒಳಕೋಣೆ
ಭಾನುವಾರ, ಮಧ್ಯಾಹ್ನ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಕೆಮ್ಮು ಕಡಿಮೆಯಾಯಿತೇ? ಹೊತ್ತು ಹೊತ್ತಿಗೆ ಉಣ್ಣುತ್ತಿಲ್ಲ ಎಂಬುದು ನಿನ್ನ ಕಾಗದದ ಅಕ್ಷರ ನೋಡಿದರೇ ಗೊತ್ತಾಗುತ್ತದೆ, ಒಂದೊಂದೂ ಒಂದೊಂದು ಕಡೆಗೆ ವಾಲಿದೆ. ನಾವಿಲ್ಲಿ ಚೆನ್ನಾಗಿದ್ದೇವೆ. ಲಕ್ವ ಹೊಡೆದ ಅಪ್ಪನ ಬಲಗೈ ಹಾಗೇ ಇದೆ. ಎಡಗೈಯಲ್ಲಿ ಚಮಚ ಹಿಡಿಯುವುದನ್ನು ಕಲಿತಿದ್ದಾರೆ, ಅರ್ಧ ಬಾಯಿಗೆ, ಅರ್ಧ ನನ್ನ ಮಡಿಲಿಗೆ. ನೀನು ನೋಡಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಪುಸ್ತಕ ಮಾಡುವವರು ಅಪ್ಪನ ಕೈಗಳ ಚಿತ್ರಗಳನ್ನು ತಿಂಗಳ ಕೊನೆಯೊಳಗೆ ಕೇಳಿದ್ದಾರೆ, ತಪ್ಪಿದರೆ ಅವಕಾಶ ಬೇರೆಯವನ ಪಾಲಾಗುತ್ತದೆ, ಇರುವ ಒಂದೇ ಪ್ರತಿ ಸ್ಟುಡಿಯೋದ ಬ್ಯಾಕಪ್ ಪೆಟ್ಟಿಗೆಯಲ್ಲಿದೆ ಎಂದು ಬರೆದಿದ್ದೀಯ. ಓದಿದೆ. ವರ್ಷಗಟ್ಟಲೆ ಡಾರ್ಕ್‌ರೂಮಿನಲ್ಲಿ ಅಪ್ಪನ ಬೆನ್ನು ಬಿಡದೆ ತೆಗೆದ ಚಿತ್ರಗಳು, ಫಿಲ್ಮ್ ತೊಳೆಯುವ ಕೈ, ಫೋಟೋದ ಅಂಚು ಕತ್ತರಿಸುವ ಕೈ. ಚೆನ್ನಾಗಿದ್ದವು, ಇಲ್ಲವೆನ್ನುವುದಿಲ್ಲ. ಆ ಕೈ ಬಿದ್ದುಹೋದ ವಾರವೇ ನೀನು ಚೀಲ ಹೆಗಲಿಗೇರಿಸಿ, "ನನ್ನ ಕೆಲ್ಸ ನಾನು ನೋಡ್ಕೋಬೇಕಲ್ಲಕ್ಕಾ" ಅಂದೆ. ಉಳಿದ ಕೆಲಸ ನಾನು ನೋಡಿಕೊಂಡೆ.

ಇಲ್ಲಿ ಆದದ್ದು ಕೇಳು. ನಮ್ಮ ಕಂಪ್ಯೂಟರ್ ಟಕ್ ಟಕ್ ಎಂದು ಸದ್ದು ಮಾಡಲು ಶುರುಮಾಡಿತು, ಡಿಸ್ಕ್ ಸಾಯುವ ಮುಂಚಿನ ಸದ್ದು. ಶಾಲೆಗಳ ಗುಂಪು ಫೋಟೋ, ಗಿರಾಕಿಗಳ ಆಲ್ಬಮ್ಮು ಎಲ್ಲವನ್ನೂ ಕಂಪ್ಯೂಟರಿಗೆ ತಂತಿಯಲ್ಲಿ ಜೋಡಿಸಿರುವ ಆ ಬ್ಯಾಕಪ್ ಪೆಟ್ಟಿಗೆಗೆ ಸೇರಿಸೋಣ ಎಂದು ಕೂತರೆ, ಸ್ಟುಡಿಯೋದ ಹೆಸರು, ಪಾಸ್‌ವರ್ಡ್ ಎರಡೂ ತಪ್ಪು ಎಂದಿತು. ದೊಡ್ಡಕ್ಷರ ಚಿಕ್ಕಕ್ಷರ ನೋಡಿ ನೋಡಿ ಮತ್ತೆ ಒತ್ತಿದೆ. ಹಟ ಮಾಡಿದ್ದಕ್ಕೆ ಪೆಟ್ಟಿಗೆ ಬಾಗಿಲು ಹಾಕಿಕೊಂಡು, ಸ್ವಲ್ಪ ಹೊತ್ತು ಬಿಟ್ಟು ಬಾ ಎಂದಿತು. ಪಾಸ್‌ವರ್ಡ್ ಬದಲಿಸಿದೆ, ಈ ಹಾಳು ಕಂಪ್ಯೂಟರ್ ತಾನು ನೆನಪಿಟ್ಟುಕೊಂಡಿದ್ದ ಹಳೆಯದನ್ನೇ ಹೋಗಿ ಒಪ್ಪಿಸುತ್ತಿತ್ತು. ಅದನ್ನೂ ಹುಡುಕಿ ಅಳಿಸಿದೆ. ಆಗ ಹೊಸ ತಕರಾರು ಬಂತು: ಒಂದೇ ಕಂಪ್ಯೂಟರಿನಿಂದ ಎರಡು ಹೆಸರಿನಲ್ಲಿ ಬರುವಂತಿಲ್ಲ. ಎರಡನೆಯ ಹೆಸರು ಯಾರದಪ್ಪಾ ಎಂದು ತಲೆ ಚಿಟ್ಟು ಹಿಡಿದು ರಿಪೇರಿಯವರನ್ನು ಕರೆಸಿದೆ. ಅವರು ಪರದೆಯತ್ತ ಬಗ್ಗಿ ನೋಡಿ, "ನಿಮ್ಮ ತಮ್ಮ ಇನ್ನೂ ಒಳಗೇ ಇದಾರೆ ಮೇಡಂ. ಅವರು ಹೊರಗೆ ಬರೋವರೆಗೂ ನಿಮ್ಮನ್ನ ಬಿಡಲ್ಲ" ಅಂದರು.

ಹೇಗೆ ಗೊತ್ತೇ? ಅಪ್ಪ ಬೆಳಗ್ಗೆ ಎದ್ದ ಕೂಡಲೇ ಗಾಲಿಕುರ್ಚಿಯನ್ನು ಕಂಪ್ಯೂಟರಿನ ಮುಂದೆ ನಿಲ್ಲಿಸಿಕೊಂಡು ನಿನ್ನ ಚಿತ್ರಗಳನ್ನು ನೋಡುತ್ತಾರೆ. ಅದಕ್ಕೆಂದೇ ನೀನು ಹೋಗುವ ಮುಂಚೆ, ಕಂಪ್ಯೂಟರ್ ಹಚ್ಚಿದೊಡನೆ ನಿನ್ನ ಫೋಲ್ಡರ್ ನಿನ್ನ ಹೆಸರಿನಲ್ಲೇ ತೆರೆಯುವಂತೆ ಮಾಡಿಟ್ಟಿದ್ದೆ. ಅವರ ಮೈ ಒರೆಸಿ, ಬಟ್ಟೆ ತೊಡಿಸಿ ಕೂರಿಸುವವಳು ನಾನು. ಕೂತವರು ಪರದೆ ನೋಡಿ, "ಎಷ್ಟು ಚೆನ್ನಾಗಿ ತೆಗ್ದಿದಾನೆ ನೋಡೇ" ಎನ್ನುತ್ತಾರೆ. ಹೊಟ್ಟೆ ಉರಿಯುತ್ತದೆ, ಸುಳ್ಳೇಕೆ ಹೇಳಲಿ. ದುಡಿಯುವ ಎತ್ತಿಗೆ ಬಾರುಕೋಲು, ಓಡಿಹೋದದ್ದಕ್ಕೆ ಹುಲ್ಲು.

ನಿನ್ನ ಸಂಪರ್ಕ ಕಡಿದರೆ ಸಾಕು, ಒಂದು ನಿಮಿಷದ ಕೆಲಸ, ಆಮೇಲೆ ನಾನೂ ಅಪ್ಪನೂ ಸ್ಟುಡಿಯೋದ ಹೆಸರಿನಲ್ಲೇ ಒಳಗೆ ಹೋಗಬಹುದು ಎಂದು ರಿಪೇರಿಯವರು ಹೇಳಿದರು. ನಾನು ಬೇಡವೆಂದೆ. ಬೇರುಸಹಿತ ತೆಗೆದುಬಿಡಿ ಎಂದು ಹೇಳಿ ಪೆಟ್ಟಿಗೆಯಿಂದ ನಿನ್ನ ಹೆಸರನ್ನೇ ತೆಗೆಸಿದೆ. ಆಮೇಲೆ ನೋಡು, ಬ್ಯಾಕಪ್ ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ಮುಗಿಯಿತು. ಗಿರಾಕಿಗಳದ್ದೆಲ್ಲ ಈಗ ಭದ್ರವಾಗಿದೆ.

ಬೆಚ್ಚಗೆ ಹೊದ್ದು ಮಲಗು, ಆರೋಗ್ಯ ನೋಡಿಕೋ. ಎಲ್ಲಿದ್ದರೂ ನೀನು ಚೆನ್ನಾಗಿರಬೇಕೆಂಬುದೇ ನನ್ನ ಹಾರೈಕೆ.

ನಿನ್ನ
ಅಕ್ಕ

ಮರೆತಿದ್ದೆ: ಹೆಸರು ತೆಗೆಯುವಾಗ, ಅದರ ಫೋಲ್ಡರನ್ನೂ ಅಳಿಸಬೇಕೇ ಎಂದು ಪೆಟ್ಟಿಗೆ ಕೇಳಿತು. ರಿಪೇರಿಯವರು ಕೈ ತಡೆದು, "ಇದರ ಇನ್ನೊಂದು ಪ್ರತಿ ಇದೆ ತಾನೇ?" ಎಂದರು. ನಿನ್ನ ಕಾಗದ ನನ್ನ ಕೈಯಲ್ಲೇ ಇತ್ತು. ಇದೆ ಎಂದೆ. ಮರುದಿನ ಬೆಳಗ್ಗೆ ಅಪ್ಪ ಖಾಲಿ ಪರದೆಯ ಮುಂದೆ ಕೂತು, ಚಿತ್ರಗಳೆಲ್ಲಿ ಎಂದು ಕೇಳಿದರು. ನೀನೇ ಅಳಿಸಿಬಿಡಲು ಬರೆದಿದ್ದೀಯ ಎಂದು ಹೇಳಿದ್ದೇನೆ. ಅವರು ನಂಬಿದ್ದಾರೆ. ಇನ್ನು ನಿನ್ನ ಫೋನ್ ಬಂದರೆ ತನ್ನ ಕೈಗೆ ಕೊಡಬೇಡ ಎಂದಿದ್ದಾರೆ.